ಖಾಲಿ ಬಿಟ್ಟ ತೂಕ

ಮಕ್ಕಳ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಲೆಕ್ಕದಕ್ಕ ಎಂದೇ. ನಾನು ತೂಕ ಮಾಡುವ ನರ್ಸ್. ನಾನು ಬರೆದುಕೊಟ್ಟ ತೂಕಗಳನ್ನು ಅವಳು ‘ಆರ್’ ಎಂಬ ಕಂಪ್ಯೂಟರ್ ಭಾಷೆಗೆ ಉಣಿಸಿ ಪರ್ಸೆಂಟೈಲ್ ತೆಗೆಯುತ್ತಾಳೆ. ಒಂದೇ ವಯಸ್ಸಿನ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗು ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕ ಅದು. ತಾಯಂದಿರು ಅದನ್ನು ಪರೀಕ್ಷೆಯ ಮಾರ್ಕ್ಸ್ ಎಂದುಕೊಂಡು ನನ್ನ ಮೇಲೆ ಜಗಳಕ್ಕೇ ಬರುತ್ತಾರೆ.

ಅವಳ ತಂಗಿಯ ಮಗು ಹಾಲು ಬಿಡುವ ಮೊದಲೇ ತೀರಿಕೊಂಡಿತು. ಪಟ್ಟಿಯಿಂದ ಆ ಹೆಸರನ್ನು ಅಳಿಸಲು ಲೆಕ್ಕದಕ್ಕನಿಗೆ ಕೈ ಬರಲಿಲ್ಲ. ತೂಕದ ಜಾಗವನ್ನಷ್ಟೇ ಖಾಲಿ ಬಿಟ್ಟಳು. ಖಾಲಿ ಜಾಗ ಕಂಡರೆ ಪ್ರೋಗ್ರಾಂ ಹಟ ಹಿಡಿದು ನಿಲ್ಲುತ್ತದೆ. ‘ಇಲ್ಲದ್ದನ್ನು ಬಿಟ್ಟು ಲೆಕ್ಕ ಹಾಕು’ ಎಂದು ಒಂದು ಆಜ್ಞೆ ಸೇರಿಸಬೇಕು. ಅದನ್ನು ಒಮ್ಮೆ ಬರೆದಿಟ್ಟರೆ ಮುಗಿಯಿತು. ಅವಳು ಬರೆದಿಡಲಿಲ್ಲ. ತಿಂಗಳು ತಿಂಗಳೂ ಪ್ರೋಗ್ರಾಂ ನಿಂತಾಗ ಕಣ್ಣೊರೆಸಿಕೊಂಡು, ಆಮೇಲೆ ಸೇರಿಸುವಳು. ಅವಳು ಅಳುತ್ತಿದ್ದದ್ದು ಆಗ ಮಾತ್ರ.

ತಂಗಿಯಂತೂ ಮಗು ಹೋಯಿತೆಂದು ಒಪ್ಪಲೇ ಇಲ್ಲ. ಖಾಲಿ ಹೊದಿಕೆಯನ್ನು ಎತ್ತಿಕೊಂಡೇ ತಿರುಗುತ್ತಿದ್ದಳು. “ಅವಳು ಮಗು ಇದೆ ಅಂದ್ರೆ ಯಾರೂ ಹೂಂ ಅನ್ಬೇಡಿ. ಅಂದ್ರೆ ಅವಳ ಬುದ್ಧಿ ವಾಪಸ್ ಬರಲ್ಲ,” ಎಂದು ಡಾಕ್ಟರ್ ಎಚ್ಚರಿಸಿದ್ದರು. ಅಕ್ಕ ಕಲ್ಲು ಮನಸ್ಸು ಮಾಡಿ ಆ ಮಾತು ಪಾಲಿಸುತ್ತಿದ್ದಳು.

ಮೊನ್ನೆ ತಂಗಿ ಬಂದು ಆ ಹೊದಿಕೆಯನ್ನು ನನ್ನ ತಕ್ಕಡಿಯಲ್ಲಿ ಮಲಗಿಸಿದಳು. ಗದರಲು ಬಾಯಿ ತೆರೆದೆ. ಮುಳ್ಳು ತಿರುಗಿ ಒಂಬತ್ತು ಕಿಲೋಗೆ ನಿಂತಿತು. ಕಂಡದ್ದನ್ನು ಬರೆಯುವುದು ನನ್ನ ಕೆಲಸ. ಆ ಮಗುವಿನ ಹೆಸರಿನ ಮುಂದೆ ಬರೆದೆ.

ಮಧ್ಯಾಹ್ನ ಲೆಕ್ಕದಕ್ಕ ಬಿಳಿಚಿಕೊಂಡು ಬಂದಳು.

“ಪ್ರೋಗ್ರಾಂ ಈ ಸಲ ನಿಲ್ಲಲೇ ಇಲ್ಲ ಕಣೇ. ಯಾರ ತೂಕ ಅದು?”

“ಮುಳ್ಳು ತೋರಿಸಿದ್ದು.”

“ತಲೆ ಕೆಟ್ಟಿದ್ಯಾ ನಿಂಗೆ?”

ಬೆಂಚಿನ ಮೇಲೆ ಕೂತಿದ್ದ ತಂಗಿ ತಲೆಯೆತ್ತಿದಳು. “ಅಕ್ಕಾ, ನಮ್ಮ ಪಾಪು ಎಷ್ಟನೇದು?”

“ಪಾಪು ಇಲ್ಲ ಕಣಮ್ಮಾ. ಕೊಡಿಲ್ಲಿ, ಬಿಚ್ಚಿ ತೋರಿಸ್ತೀನಿ.”

ಲೆಕ್ಕದಕ್ಕ ಹೊದಿಕೆ ಕಿತ್ತುಕೊಂಡಳು. ಅವಳ ತೋಳು ದಡಕ್ಕನೆ ಕೆಳಗೆ ಜಗ್ಗಿತು. ಬಿದ್ದೀತೆಂದು ಎದೆಗೊತ್ತಿಕೊಂಡಳು. ಬಿಚ್ಚಲಿಲ್ಲ.

“ಐವತ್ತು,” ಎಂದಳು ಕೊನೆಗೆ. “ಸರಿಯಾಗಿ ಮಧ್ಯದಲ್ಲಿದ್ದಾಳೆ. ಚೆನ್ನಾಗಿ ಬೆಳೀತಿದ್ದಾಳೆ.”

ತಂಗಿ ನಕ್ಕಳು. ನನಗೆ ಅಳು ಒತ್ತರಿಸಿ ಬಂತು. “ಅಕ್ಕಾ, ನೀನೂನಾ?” ಎಂದೆ.

ಲೆಕ್ಕದಕ್ಕ ಹೊದಿಕೆಯನ್ನು ಮೆಲ್ಲಗೆ ತಟ್ಟುತ್ತಾ ನನ್ನತ್ತ ಕಣ್ಣು ಬಿಟ್ಟಳು.

“ಮೆತ್ತಗೆ ಮಾತಾಡೇ. ಈಗ ತಾನೇ ನಿದ್ದೆ ಹತ್ತಿದೆ.”