ಅಂಟಿಸದೆ ಉಳಿದ ಸಿಪಾಯಿ

ಮೊನ್ನೆ ಬೆಳಗಿನ ಜಾವ ಕೆಟ್ಟ ಕನಸು...
ನನ್ನ ಹಲ್ಲೆಲ್ಲ ಅಂಗೈಗೆ ಉದುರಿದ್ದವು.
ಎದ್ದವನೇ ಅಕ್ಕನಿಗೆ, ಭಾತಂಬ್ರಾದ ಕಾಕಾನಿಗೆ ಫೋನ್ ಮಾಡಿದೆ. ಎಲ್ಲರೂ ಆರಾಮ ಇದ್ದರು.
ಜಯರಾಜ ಅಣ್ಣನಿಗೆ ಮಾತ್ರ ಮಾಡಲಿಲ್ಲ...

ಇವತ್ತು ಮಧ್ಯಾಹ್ನ ಅವರ ಮಗ ಪ್ರಶಾಂತನ ಫೋನ್ ಬಂತು.
ಹಾರ್ಟ್ ಅಟ್ಯಾಕ್ ಅಂತೆ, ಅಣ್ಣ ಹೋಗಿಬಿಟ್ಟರು.
ನಂಬಿಕೆ ಬರದೆ ಎರಡು ಸಲ ವಾಪಸ್ ಮಾಡಿ ಕೇಳಿದೆ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಅಣ್ಣ ಬೀದರ್‌ನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಬಿಡುವಾದಾಗ ಮಿಲಿಟರಿ ಮಾಡೆಲ್.
ಬೆರಳುದ್ದದ ಸಿಪಾಯಿ, ಟ್ರಕ್, ಬಂಕರ್... ಗಾಜಿನ ಡಬ್ಬಿಯೊಳಗೆ ಒಂದು ಪೂರ್ತಿ ಗಡಿ.
ನಾನು ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನು, ಭಾಲ್ಕಿಯಲ್ಲಿ ಟೆಂಪೋ ಓಡಿಸುತ್ತೇನೆ. ಹೋದ ಊರಲ್ಲಿ ಮಾಜಿ ಸೈನಿಕರ ಮನೆ ಹುಡುಕಿ ಹಳೇ ಫೋಟೋ ತಂದುಕೊಡುತ್ತಿದ್ದೆ.

ಔರಾದ್ ಹತ್ತಿರದ ಮಾಣಿಕ ಮಾಮಾ ಸೈನ್ಯದಲ್ಲಿ ಹೇಸರಗತ್ತೆಯ ಮೇಲೆ ಸಾಮಾನು ಹೇರಿಕೊಂಡು ಹಿಮದ ಗುಡ್ಡ ಹತ್ತಿದವರು.
"ಮೊಮ್ಮಕ್ಕಳು ನಗ್ತಾವಪ್ಪಾ... ಮಿಲಿಟರ್ಯಾಗ ಕತ್ತೆ ಕಾಯ್ತಿದ್ದೇನು ಅಂತಾವ" ಎಂದಿದ್ದರು.
ಅದನ್ನು ಕೇಳಿಯೇ ಅಣ್ಣ ಹೇಸರಗತ್ತೆಯ ಪಕ್ಕ ಸಿಪಾಯಿ ನಿಂತ ಮಾಡೆಲ್‌ಗೆ ಕೈ ಹಾಕಿದ್ದು.

ಅಣ್ಣಾ...
ಎಂಥೆಂಥ ಪ್ರಶ್ನೆ ಕೇಳುತ್ತಿದ್ದಿರಿ!
ನಡು ಮಧ್ಯಾಹ್ನ ಹಿಮದ ನೆರಳು ಯಾವ ಬಣ್ಣ?
ಹೊರೆಯ ಹಗ್ಗ ಹೊಟ್ಟೆ ಕೆಳಗೆ ಎಷ್ಟು ಸುತ್ತು?
ಹೇಸರಗತ್ತೆಯ ಕಿವಿ ಕತ್ತೆಗಿಂತ ಎಷ್ಟು ಗಿಡ್ಡ ಮಾಡಬೇಕೆಂದು ಕಮಲನಗರದ ಸಂತೆಯಲ್ಲಿ ನನ್ನಿಂದ ಕತ್ತೆಯ ಕಿವಿ ಅಳೆಸಿದಿರಿ.
ಕತ್ತೆಯವನು "ಯಾಕ್ರೀ ಟೇಲರ್, ಇದಕ್ಕ ಕುಲಾಯಿ ಹೊಲೀತೀರೇನು?" ಅಂದ.
ನಿಮಗೆ ಹೇಳಿದರೆ ನಗಲೇ ಇಲ್ಲ.
"ಎಡಗಿವಿನೋ ಬಲಗಿವಿನೋ?" ಅಂದಿರಿ...

ಹೋದ ವಾರ ಫೋನ್ ಮಾಡಿದ್ದಿರಿ.
"ತಮ್ಮಾ, ನೀ ಕಳಿಸಿದ ಮಾಮಾನ ಫೋಟೋದಾಗ ಸಿಪಾಯಿ ಅಂಗಿ ಗುಂಡಿ ಹೆಣಮಕ್ಕಳ ಗತೆ ಎಡಬಾಜೂಕ ಯಾಕ ಅದಾವ?"
"ಮಿಲಿಟರ್ಯಾಗ ಹಂಗೇ ಇರ್ತದರೀ ಅಣ್ಣಾ."
"ಖರೇನು?"
"ಖರೇರಿ."
"ಮತ್ತೊಮ್ಮಿ ನೋಡಿ ಹೇಳು. ಗಡಬಡಿ ಏನಿಲ್ಲ."
ನನಗೇನೂ ಗೊತ್ತಿರಲಿಲ್ಲ ಅಣ್ಣಾ. ಬೈಸಿಕೊಳ್ಳುವ ಭಯಕ್ಕೆ ಹಾಗೆ ಅಂದೆ. ಮತ್ತೆ ನೋಡಲೂ ಇಲ್ಲ...

ಇವತ್ತು ಈ ಪೋಸ್ಟ್‌ಗೆಂದು ನಾವಿಬ್ಬರೂ ಇರುವ ಸೆಲ್ಫಿ ಹುಡುಕಿದೆ.
ಹಿಂದೆ ನಿಮ್ಮ ಅಂಗಡಿಯ ಬೋರ್ಡು... ಅಕ್ಷರವೆಲ್ಲ ಉಲ್ಟಾ!
ಆಗ ನೆನಪಾಯಿತು.
ಮಾಮಾನ ಮನೆಗೆ ಹೋದಾಗ ನನ್ನ ಫೋನಿನ ಹಿಂದಿನ ಕ್ಯಾಮೆರಾ ಒಡೆದಿತ್ತು. ಗೋಡೆಯ ಫೋಟೋಕ್ಕೆ ಬೆನ್ನು ಮಾಡಿ ಸೆಲ್ಫಿ ಹೊಡೆದು, ನನ್ನ ಮುಖ ಕಟ್ ಮಾಡಿ ನಿಮಗೆ ಕಳಿಸಿದ್ದೆ...
ಸೆಲ್ಫಿ ಎಲ್ಲ ಉಲ್ಟಾ ಮಾಡಿದೆ, ಅದಕ್ಕೇ ಗುಂಡಿ ಆ ಕಡೆ. ಹಾಗಾದರೆ ಪ್ರಾಣಿಯ ಬಲಕ್ಕೆ ಕಂಡ ಸಿಪಾಯಿಯೂ ಉಲ್ಟಾ!

ಪ್ರಶಾಂತ ಹೇಳಿದ, "ಕಾಕಾ, ಮಾಡೆಲ್ ಎಲ್ಲಾ ಮುಗದದ. ಒಂದ್ ಸಿಪಾಯಿ ಗೊಂಬಿ ಅಷ್ಟೇ ಅಪ್ಪಾಜಿ ಅಂಟಿಸಿಲ್ಲ. ನಾಳಿ ಮಣ್ಣಿಗಿಂತ ಮೊದಲ ನಾನೇ ಅಂಟಿಸಿ ಅವರ ಬಾಜೂಕ ಇಡ್ತೇನಿ. ಆಮ್ಯಾಗ ಮಾಮಾಗ ಕೊಡೂದು."
ನೀವು ನನ್ನ ಉತ್ತರಕ್ಕೆ ಕಾಯುತ್ತಿದ್ದಿರಿ ಅಣ್ಣಾ...

ಹೋಗಿ ಬರ್ರಿ. ಆ ದೇವರ ಹತ್ತಿರ ನಿಮ್ಮ ಜೀವಕ್ಕೆ ಯಾವ ಅವಸರವೂ ಇಲ್ಲದ ಆರಾಮ ಸಿಗಲಿ.

ಔರಾದ್ ಕಡೆಯ ಗೆಳೆಯರೇ, ಮಾಮಾಗೆ ಫೋನಿನಲ್ಲಿ ಕಿವಿ ಕೇಳಿಸುವುದಿಲ್ಲ.
ಸಿಪಾಯಿ ಪ್ರಾಣಿಯ ಎಡಕ್ಕೇ ಇರಬೇಕು ಅನ್ನಿಸುತ್ತದೆ... ಆದರೆ "ಇರಬೇಕು" ಅಂದರೆ ಅಣ್ಣ ಒಪ್ಪುತ್ತಿರಲಿಲ್ಲ.
ಯಾರಾದರೂ ಬೆಳಿಗ್ಗೆಯೇ ಅವರ ಮನೆಗೆ ಹೋಗಿ, ಆ ಫೋಟೋ ಕಣ್ಣಾರೆ ನೋಡಿ ಹೇಳಿ.
ಎಡಕ್ಕೋ, ಬಲಕ್ಕೋ?
ಇನ್ನೊಮ್ಮೆ ನೋಡಿ ಹೇಳಿ... ದಯವಿಟ್ಟು.