ಎದ್ದು ನಿಂತ ತಪ್ಪಿಗೆ

ಎಲ್ಲರ ಬಾಯಲ್ಲೂ ಅವಳು ಸ್ನಾನದಕ್ಕ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಮೈ ತೊಳೆಸಿ, ತಲೆ ಬಾಚಿ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಿ ಬರುವುದು ಅವಳ ಕೆಲಸ. ಕಳಿಸುತ್ತಿದ್ದದ್ದು ಒಂದು ಸೇವಾ ಸಂಘ, ಸಂಘಕ್ಕೆ ಹಣ ಕೊಡುತ್ತಿದ್ದದ್ದು ನಗರಸಭೆ. ಕೆಲಸ ಕಲಿಸಿದ್ದು ಮಾತ್ರ ಇವರ್ಯಾರೂ ಅಲ್ಲ, ಅವಳ ಅತ್ತೆ. ಮಲಗಿದಲ್ಲೇ ಇದ್ದ ಆ ಮುದುಕಿ ಬಕೆಟ್ ಕಂಡರೆ ಸಾಕು, ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಬೈಸಿಕೊಂಡೇ ಕೈ ಪಳಗಿತು ಎಂದು ಸ್ನಾನದಕ್ಕ ನಗುತ್ತಿದ್ದಳು. ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡಿಕೊಂಡು ಪಾದದಿಂದ ಶುರುಮಾಡುವಳು. ತೊಳೆಯುತ್ತಿರುವ ಭಾಗ ಬಿಟ್ಟು ಉಳಿದ ಮೈಯನ್ನು ಹೊದಿಕೆಯಡಿ ಮುಚ್ಚಿಯೇ ಇಡುವಳು.

ಮೆಟ್ಟಿಲ ಕೆಳಗಿನ ಕೋಣೆಯಲ್ಲಿದ್ದ ಟೈಲರಮ್ಮನಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು. ಹಿಂದೆ ಮುಂದೆ ಯಾರೂ ಇಲ್ಲ. ಪಕ್ಕದ ಮನೆಯವರು ಊಟ ಇಟ್ಟು ಹೋಗುತ್ತಿದ್ದರು. ಸ್ನಾನದಕ್ಕ ಮೈ ತೊಳೆದು ಬಂದಿದ್ದರೆ ಸಾಕಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಸುಮ್ಮನಿರುವ ಜೀವವೇ ಅದಲ್ಲ. ಟೈಲರಮ್ಮನ ಎಡಗೈಗೆ ಮೊದಲು ಬಾಚಣಿಗೆ ಕೊಟ್ಟಳು, ಆಮೇಲೆ ಲೋಟ. ಕೊನೆಗೆ ಮಂಚದ ಕಂಬಿ ಹಿಡಿಸಿ, "ಏಳಿ ಅಮ್ಮ, ನಾನಿದ್ದೀನಿ" ಅಂದಳು. ದಿನವೂ ಜಗಳ, ದಿನವೂ ಅಳು. ತಿಂಗಳುಗಟ್ಟಲೆ ಹೆಣಗಾಡಿದ ಮೇಲೆ ಟೈಲರಮ್ಮ ಎದ್ದು ನಿಂತಳು. ಅವತ್ತು ಇಬ್ಬರೂ ಚಿಕ್ಕ ಮಕ್ಕಳ ಹಾಗೆ ನಕ್ಕರು.

ಹೊಸ ವರ್ಷದ ಹಣ ಮಂಜೂರಾಗುವ ಮುಂಚೆ ನಗರಸಭೆಯ ಅಧಿಕಾರಿಯೊಬ್ಬರು ಮನೆಮನೆ ನೋಡಲು ಬಂದರು. ಟೈಲರಮ್ಮನ ಕೋಣೆಗೂ ಬಂದು, ಸ್ನಾನದಕ್ಕನ ಕೆಲಸ ಹೇಗಿದೆ ಎಂದು ಕೇಳಿದರು. ತನ್ನ ಉತ್ತರದ ಮೇಲೆ ಸ್ನಾನದಕ್ಕನ ಅನ್ನ ನಿಂತಿದೆ ಎಂದುಕೊಂಡ ಟೈಲರಮ್ಮ ಬಾಯಲ್ಲಿ ಹೇಳುವ ಬದಲು ಮಾಡಿಯೇ ತೋರಿಸಿದಳು. ಕಂಬಿ ಹಿಡಿದು ಎದ್ದಳು, ಗೋಡೆ ಹಿಡಿದು ಮೇಜಿನವರೆಗೆ ನಡೆದಳು, ಎಡಗೈಯಲ್ಲೇ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟಳು. ಸ್ನಾನದಕ್ಕ ಬಾಗಿಲಲ್ಲಿ ನಿಂತು ಹಿರಿಹಿರಿ ಹಿಗ್ಗಿದಳು. ಅಧಿಕಾರಿ ಟೀ ಕುಡಿದು ಇಬ್ಬರನ್ನೂ ಬಾಯ್ತುಂಬ ಹೊಗಳಿ ಹೋದರು. ಕೆಟ್ಟ ಮನುಷ್ಯರೇನಲ್ಲ.

ವಾರ ಕಳೆದ ಮೇಲೆ ಸಂಘದ ಕಾರ್ಯದರ್ಶಿ ಅವಳನ್ನು ಕರೆಸಿ ಕೂರಿಸಿಕೊಂಡರು. ನಗರಸಭೆಯ ಹಣ ಏಳಲಾಗದವರಿಗೆ ಮಾತ್ರ, ಟೈಲರಮ್ಮನ ಮನೆ ಇನ್ನು ಬೇಡ ಎಂದರು. ನಿಂತ ಮಾತ್ರಕ್ಕೆ ಒಬ್ಬಳೇ ಸ್ನಾನ ಮಾಡಿಕೊಳ್ಳಲು ಆಗುತ್ತದೆಯೇ ಎಂದು ಇವಳು ಗೋಗರೆದಳು. ನಿಯಮ ನನ್ನ ಕೈಯಲ್ಲಿಲ್ಲಮ್ಮ ಎಂದರು ಅವರು.

"ಹಾಗಾದ್ರೆ ನಾನು ಅವರನ್ನ ಎಬ್ಬಿಸಲೇಬಾರದಿತ್ತಾ ಸಾರ್?"

ಅವರು ಹೊಸ ಮನೆಗಳ ಪಟ್ಟಿಯನ್ನು ಅವಳ ಮುಂದೆ ಸರಿಸಿದರು.

ಅವಳಿಗೆ ಊರಿನ ಆಚೆ ತುದಿಯ ಮನೆಗಳು ಬಂದವು. ರಜೆ ಸಿಕ್ಕಾಗ ಟೈಲರಮ್ಮನ ಹತ್ತಿರ ಓಡುತ್ತಿದ್ದಳು. ಆಮೇಲೆ ಸ್ನಾನದಕ್ಕನೇ ಜ್ವರ ಬಂದು ಮಲಗಿದ್ದರಿಂದ ಬಹಳ ದಿನ ಹೋಗಲಾಗಲಿಲ್ಲ. ಮತ್ತೆ ಹೋದಾಗ ಬಾಗಿಲಲ್ಲೇ ವಾಸನೆ ಹೊಡೆಯಿತು. ಬಾಚಣಿಗೆ ಮಂಚದಡಿ ಬಿದ್ದಿತ್ತು. ಗೋಡೆಯತ್ತ ಮುಖಮಾಡಿ ಮಲಗಿದ್ದ ಟೈಲರಮ್ಮ ತಿರುಗಿ, ಗೆದ್ದವಳಂತೆ ನಕ್ಕಳು.

"ಬೇಕಂತ್ಲೇ ಎದ್ದಿಲ್ಲ ಕಣೆ. ಹೋಗಿ ಹೇಳು, ಇವಳ ಕೈಲಿ ಏನೂ ಆಗಲ್ಲ ಅಂತ. ನಿನ್ನನ್ನೇ ಕಳಿಸ್ತಾರೆ."

ಸ್ನಾನದಕ್ಕ ಓಡಿಹೋಗಿ ಹೊದಿಕೆ ಸರಿಸಿದಳು. ತಬ್ಬಿ ಎತ್ತಿ ನಿಲ್ಲಿಸಲು ನೋಡಿದಳು. ಕಾಲು ಊರಲೇ ಇಲ್ಲ. ಟೈಲರಮ್ಮನ ನಗು ಅಲ್ಲೇ ಇಂಗಿಹೋಯಿತು. ನಾಟಕವೆಂದು ಮಲಗಿದ್ದವಳಿಗೆ ಅದು ನಿಜವಾಗಿದ್ದು ತಿಳಿದದ್ದೇ ಆಗ.

ಕಾರ್ಯದರ್ಶಿ ನಗರಸಭೆಗೆ ಓಡಾಡಿದರು. ಅದೇ ಅಧಿಕಾರಿ ಬಂದು ನೋಡಿ, ಮರುಮಾತಿಲ್ಲದೆ ಒಪ್ಪಿಗೆ ಕೊಟ್ಟರು. ಸ್ನಾನದಕ್ಕ ಮತ್ತೆ ಆ ಕೋಣೆಗೆ ಬಂದಳು. ನೀರಿನ ಬಿಸಿ ನೋಡಿ ಪಾದದಿಂದ ಶುರುಮಾಡಿದಳು. ತಲೆ ಬಾಚಿದ ಮೇಲೆ ಬಾಚಣಿಗೆಯನ್ನು ಟೈಲರಮ್ಮನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಟೈಲರಮ್ಮನೂ ಕೈ ಚಾಚಲಿಲ್ಲ.

ಟೈಲರಮ್ಮ ಬದುಕಿರುವಷ್ಟು ದಿನ ಸ್ನಾನದಕ್ಕ ಹೋದಳು. ಏಳಿ ಎಂದು ಮಾತ್ರ ಮತ್ತೆಂದೂ ಹೇಳಲಿಲ್ಲ.