ಅಪ್ಪನ ಅಳತೆಯ ಸ್ಪ್ರಿಂಗು

ನಮ್ಮ ಮನೆಯಲ್ಲಿ ಬಿಗಿ ಎನ್ನುವುದು ಒಳ್ಳೆಯ ಮಾತು. ಟ್ರ್ಯಾಕ್ಟರಿನ ನಟ್ಟು, ಬೋರ್‌ವೆಲ್ ಪೈಪಿನ ಕ್ಲಾಂಪು, ತೆಂಗಿನಕಾಯಿ ಚೀಲದ ಬಾಯಿ ಎಲ್ಲವೂ ಬಿಗಿಯಾಗಿದ್ದರೆ ಅಪ್ಪನಿಗೆ ಸಮಾಧಾನ. ಅಪ್ಪ ನಲ್ಲಿ ತಿರುಗಿಸಿ ನಿಲ್ಲಿಸಿದನೆಂದರೆ ಮತ್ತೆ ಬಿಡಲು ಅಮ್ಮ ಅಪ್ಪನನ್ನೇ ಕರೆಯಬೇಕು. ಹಾಗಾಗಿ ನಾಲ್ಕು ದಪ್ಪ ಚಕ್ರದ ಕ್ವಾಡ್ ಬೈಕು ಅಕ್ಕನನ್ನು ಎಸೆದ ದಿನ ಅವನಿಗೆ ಹೊಳೆದ ಮದ್ದೂ ಅದೇ. ಎಲ್ಲೋ ಸಡಿಲಾಗಿದೆ, ಬಿಗಿ ಮಾಡಿದರೆ ಸರಿಹೋಗುತ್ತದೆ ಎಂದ.

ಆ ಬೈಕು ನಮ್ಮ ಪಂಚನಹಳ್ಳಿಗೆ ಬಂದದ್ದು ಚಿಕ್ಕಪ್ಪನ ಹುಮ್ಮಸ್ಸಿನಿಂದ. ಲಕ್ಕವಳ್ಳಿ ಹತ್ತಿರ ಬಾಗಿಲು ಹಾಕಿದ ಒಂದು ಹೋಂಸ್ಟೇಯವರು ಮಾರುತ್ತಿದ್ದರು. ತೋಟ ಸುತ್ತಲು ಆಗುತ್ತದೆ ಎಂದು ಲಗೇಜ್ ಆಟೋದಲ್ಲಿ ಹೇರಿಸಿಕೊಂಡು ಬಂದ. ಆದರೆ ಅದು ರೇಸಿನ ಜಾತಿಯ ಗಾಡಿ, ಹಿಂದೆ ಒಂದು ಕಾಯಿಚೀಲ ಇಡಲೂ ಜಾಗವಿಲ್ಲ. ಒಂದು ವಾರ ಓಡಿಸಿ ಸೊಂಟ ಹಿಡಿದುಕೊಂಡ ಚಿಕ್ಕಪ್ಪ ಅದನ್ನು ನಮ್ಮ ಕೊಟ್ಟಿಗೆಯಲ್ಲಿ ಬಿಟ್ಟು ಹೋದ. ಅದನ್ನು ನಿಜವಾಗಿ ಓಡಿಸಲು ಕಲಿತವಳು ಅಕ್ಕ. ಸೀಟಿನಿಂದ ಎದ್ದು ಕಾಲೂರಿ ನಿಂತು, ಮೈಯನ್ನು ಹಿಂದೆ ಮುಂದೆ ಸರಿಸುತ್ತ ಅವಳು ತೋಟದ ಬದು ದಾಟಿಸುವುದನ್ನು ನೋಡಲು ಪಕ್ಕದ ತೋಟದವರೂ ಬರುತ್ತಿದ್ದರು.

ಆ ಸುದ್ದಿ ಹೇಗೋ ಲಕ್ಕವಳ್ಳಿ ಡ್ಯಾಮಿನ ಕಡೆ ತಲುಪಿತು. ಅಲ್ಲಿ ಪ್ರವಾಸಿಗರಿಗೆ ಇಂಥ ಬೈಕು ಓಡಿಸಲು ಕೊಡುವ ಒಂದು ಮೈದಾನವಿದೆ. ಬಂದ ಹೆಂಗಸರಿಗೆ ಹೇಳಿಕೊಡಲು ಒಬ್ಬ ಹೆಂಗಸೇ ಬೇಕಾಗಿದ್ದಳು. ಸೋಮವಾರ ಬಂದು ಓಡಿಸಿ ತೋರಿಸಿ ಎಂದು ಅಕ್ಕನಿಗೆ ಫೋನು ಬಂತು. ಅದೇ ವಾರ ದೊಡ್ಡ ಬದುವಿನ ಮೇಲೆ ಗಾಡಿಯ ಹಿಂಭಾಗ ಕತ್ತೆಯಂತೆ ಒದೆದು ಅವಳನ್ನು ಹ್ಯಾಂಡಲ್ಲಿನ ಮೇಲಿಂದ ಆಚೆಗೆ ಹಾಕಿತು. ಮೂಳೆ ಮುರಿಯಲಿಲ್ಲ, ಮಣಿಕಟ್ಟು ಊದಿತು. ಅಪ್ಪ ಗದರಲಿಲ್ಲ. ಊಟ ಮುಗಿಸಿ ಕೈ ತೊಳೆಯುತ್ತ ಇಷ್ಟೇ ಹೇಳಿದ: "ಭಾನ್ವಾರ ನನ್ನ ಕಣ್ಣೆದುರಿಗೆ ಆ ಬದು ದಾಟು. ಎಸೀಲಿಲ್ಲಾಂದ್ರೆ ಲಕ್ಕವಳ್ಳಿಗೆ ಹೋಗು. ಎಸೀತಾ, ಗಾಡೀನೂ ಬ್ಯಾಡ, ಆ ಕೆಲ್ಸಾನೂ ಬ್ಯಾಡ."

ನನಗೆ ದಿನಚರಿ ಬರೆಯುವ ಚಟ. ಮಳೆ ಎಷ್ಟು ಬಿತ್ತು, ಬಸ್ಸು ಎಷ್ಟು ತಡವಾಯಿತು, ಎಮ್ಮೆ ಎಷ್ಟು ಕೊಟ್ಟಿತು, ಎಲ್ಲಕ್ಕೂ ತಾರೀಖು ಹಾಕಿ ಬರೆಯುತ್ತೇನೆ. ಅದಕ್ಕೇ ಅಕ್ಕ ನನ್ನನ್ನು ಅಮಲ್ದಾರ್ರು ಎನ್ನುತ್ತಾಳೆ. ಗಾಡಿ ಸರಿಮಾಡುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು. ಫೋನಿನಲ್ಲಿ ಗಾಡಿಯ ಪುಸ್ತಕ ಹುಡುಕಿ ಓದಿದೆ. ಒಮ್ಮೆಗೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು ಎಂದು ಮೊದಲ ಪುಟದಲ್ಲೇ ಇತ್ತು. ನನಗಾಗಿಯೇ ಬರೆದಂತಿತ್ತು.

ಶನಿವಾರ ಮೊದಲು ಗಾಳಿ ನೋಡಿದೆ. ಪಂಕ್ಚರ್ ಅಂಗಡಿಯಲ್ಲಿ ಅಪ್ಪ ಹೇಳಿ ತುಂಬಿಸಿದ್ದ ಗಾಳಿಗೆ ಟೈರು ತಟ್ಟಿದರೆ ಟಣ್ ಎನ್ನುತ್ತಿತ್ತು. ಈ ದಪ್ಪ ಟೈರಿಗೆ ಬೇಕಾದ್ದು ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವಷ್ಟು ಗಾಳಿ ಮಾತ್ರ. ಕಡೂರಿನಿಂದ ತಂದಿದ್ದ ಚಿಕ್ಕ ಮೀಟರು ಇಟ್ಟು ನಾಲ್ಕರಿಂದಲೂ ಹೆಚ್ಚಿನ ಗಾಳಿ ತೆಗೆದೆ. ಆಮೇಲೆ ಸ್ಪ್ರಿಂಗು. ಸವಾರ ಕೂತಾಗ ಗಾಡಿ ಇಷ್ಟು ತಗ್ಗಬೇಕು ಎಂದು ಲೆಕ್ಕವಿದೆ: ಚಕ್ರ ಒಟ್ಟು ಎಷ್ಟು ಮೇಲೆ ಕೆಳಗೆ ಆಡಬಲ್ಲದೋ ಅದರಲ್ಲಿ ಮೂರರಲ್ಲೊಂದು ಪಾಲು. ಹೆಚ್ಚು ತಗ್ಗಿದರೆ ಸ್ಪ್ರಿಂಗಿನ ಮೇಲಿನ ಬಳೆಯನ್ನು ಬಿಗಿ ಮಾಡಬೇಕು, ತಗ್ಗದಿದ್ದರೆ ಸಡಿಲಿಸಬೇಕು. ಅಮ್ಮನ ಹೊಲಿಗೆ ಟೇಪು ತಂದು ಗಾಡಿಯ ಕೆಳಗೆ ಮಲಗಿದೆ.

ಅಷ್ಟರಲ್ಲಿ ಅಪ್ಪ ನಿಂಬೆಹಣ್ಣು ಹಿಡಿದು ಬಂದ. ನಮ್ಮಲ್ಲಿ ಸೈಕಲ್ ಚೈನು ಬದಲಿಸಿದರೂ ಚಕ್ರಕ್ಕೆ ನಿಂಬೆಹಣ್ಣು ಕೊಡಬೇಕು, ಮೊದಲು ಹಿರಿಯರು ಕೂರಬೇಕು. ಅಪ್ಪ ಹತ್ತಿ ಕೂತ. ಅಪ್ಪನದು ದೊಡ್ಡ ಮೈ, ಅಕ್ಕನಂಥವರು ಇಬ್ಬರು ಸೇರಿದಷ್ಟು. ಗಾಡಿಯ ಹಿಂಭಾಗ ನೆಲಕ್ಕೆ ನಮಸ್ಕಾರ ಮಾಡಿತು. ನಾನು ಅಳೆದೆ, ತೀರಾ ತಗ್ಗಿದೆ, ಬಿಗಿ ಮಾಡಬೇಕು ಎಂದೆ. "ನಾನ್ ಮೊದ್ಲೇ ಬಡ್ಕೊಂಡೆ" ಎಂದು ಅಪ್ಪ ಖುಷಿಯಿಂದ ಸ್ಪ್ಯಾನರ್ ಹಿಡಿದ. ತಿರುಗಿಸುವುದು, ಹತ್ತಿ ಕೂರುವುದು, ನಾನು ಅಳೆಯುವುದು. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಕೂದಲೆಳೆಯಷ್ಟೂ ತಪ್ಪದೆ ಬಂತು.

ಸಂಜೆ ಅಪ್ಪ ಡೇರಿಗೆ ಹೋದಾಗ ಅಕ್ಕ ಚಿಕ್ಕ ಬದುವಿನ ಮೇಲೆ ಹತ್ತಿಸಿ ನೋಡಿದಳು. ಗಾಡಿ ಮುಂಚಿಗಿಂತ ಜೋರಾಗಿ ಒದೆಯಿತು. ಹೇಗೋ ಮೈ ಹಿಂದಕ್ಕೆ ಎಳೆದುಕೊಂಡು ಉಳಿದಳು. ಇಳಿದು ಬಂದು ಕಲ್ಲಿನ ಮೇಲೆ ಕೂತು ಮಣಿಕಟ್ಟು ಉಜ್ಜಿಕೊಂಡಳು. "ನಾಳೆ ದೊಡ್ ಬದೂ ಮೇಲೆ ಇದು ನನ್ನ ಮಲಗಿಸ್ಬಿಡ್ತದೆ ಕಣೇ" ಎಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನಾನು ಪುಸ್ತಕವನ್ನು ಮತ್ತೆ ಮೊದಲಿಂದ ಓದಿದೆ. ಎಲ್ಲವನ್ನೂ ಅದು ಹೇಳಿದಂತೆಯೇ ಮಾಡಿದ್ದೆವು.

ಭಾನುವಾರ ಬೆಳಿಗ್ಗೆ ಅಮ್ಮ ಟೇಪು ಕೇಳಿಕೊಂಡು ಕೊಟ್ಟಿಗೆಗೆ ಬಂದಳು. ಕೆಲಸ ಸಿಗಲಿ ಬಿಡಲಿ, ಮಗಳು ಲಕ್ಕವಳ್ಳಿಗೆ ಹೋಗುವುದಾದರೆ ಒಂದು ಹೊಸ ಚೂಡಿದಾರವಾದರೂ ಇರಲಿ ಎಂದು ಬಟ್ಟೆ ತೆಗೆದಿಟ್ಟಿದ್ದಳು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಹೇಳಿದೆ. ಯಾರನ್ನು ಕೂರಿಸಿ ಅಳತೆ ತೆಗೆದೆ ಎಂದಳು. ಅಪ್ಪನನ್ನು ಎಂದೆ.

"ಚೆನ್ನಾಗದೆ. ಅಪ್ಪನ ಅಳತೆ ತಗೊಂಡು ಮಗಳಿಗೆ ಬಟ್ಟೆ ಹೊಲಿದವ್ರೆ."

ಅಕ್ಕನೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಮೊದಲು ನಕ್ಕಳು. ಓಡಿಹೋಗಿ ಹೆಲ್ಮೆಟ್ಟು, ಬೂಟು ಹಾಕಿಕೊಂಡು ಬಂದು ಹತ್ತಿ ಕೂತಳು. ಗಾಡಿ ಎರಡು ಬೆರಳಷ್ಟೂ ತಗ್ಗಲಿಲ್ಲ.

ಅಪ್ಪನನ್ನು ತೋಟದಿಂದ ಕರೆದು ಸ್ಪ್ಯಾನರ್ ಕೊಟ್ಟು, ಬಿಚ್ಚು, ಸಡಿಲ ಮಾಡು ಎಂದೆವು. ಅವನು ಬಿಗಿ ಮಾಡಿದ್ದನ್ನು ತಿರುಗಿಸುವ ಶಕ್ತಿ ಬೇರೆ ಯಾರಿಗೂ ಇರಲಿಲ್ಲ. ಅಪ್ಪ ಕುಕ್ಕರುಗಾಲಿನಲ್ಲಿ ಕೂತವನು ಬಳೆಗೆ ಸ್ಪ್ಯಾನರ್ ಸಿಕ್ಕಿಸಿ ಹಾಗೇ ಇದ್ದುಬಿಟ್ಟ.

"ಸಡ್ಲ ಬಿಟ್ರೆ ಬೀಳಲ್ವೇನಮ್ಮಾ?" ಎಂದು ನೆಲ ನೋಡುತ್ತ ಕೇಳಿದ. ಆವರೆಗೂ ಅವನಿಗೆ ಗಾಡಿಯ ಮೇಲೆ, ಕೆಲಸದ ಮೇಲೆ ಸಿಟ್ಟು ಎಂದುಕೊಂಡಿದ್ದೆ. ಹೆದರಿದ್ದ, ಅಷ್ಟೆ.

ಅಕ್ಕ ಸೀಟಿನ ಮೇಲಿಂದಲೇ ಬಗ್ಗಿದಳು. "ಅಪ್ಪಾ, ತುಂಬಿದ ಟ್ರೈಲರ್ ಹೆಂಗೋಗ್ತದೆ, ಖಾಲಿ ಟ್ರೈಲರ್ ಹೆಂಗೆ ಕುಣೀತದೆ? ನಿಂಗೆ ಮಾಡಿದ ಸ್ಪ್ರಿಂಗಿಗೆ ನಾನು ಖಾಲಿ ಟ್ರೈಲರ್ ಕಣಪ್ಪಾ."

ಟ್ರೈಲರಿನ ಮಾತು ಅಪ್ಪನಿಗೆ ತಟ್ಟನೆ ಹತ್ತಿತು. ಖಾಲಿ ಬರುವಾಗ ಅದು ಹೇಗೆ ಎಗರುತ್ತದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಉಸಿರು ಬಿಟ್ಟು ತಿರುಗಿಸಿದ. ಪ್ರತಿ ಸುತ್ತಿಗೂ ನಾನು ಅಳೆದೆ. ಮೂರರಲ್ಲೊಂದು ಪಾಲು ಬಂದ ಮೇಲೆ, ಸ್ಪ್ರಿಂಗು ಸಿಡಿಯದೆ ನಿಧಾನವಾಗಿ ವಾಪಸ್ ಬರಲೆಂದು ಕೆಳಗಿನ ಚಿಕ್ಕ ಸ್ಕ್ರೂವನ್ನು ಒಂದೆರಡು ಟಿಕ್ ತಿರುಗಿಸಿದೆ. ಬಳೆ ತಾನಾಗಿ ಸರಿಯದಂತೆ ಹಿಡಿಯುವ ಇನ್ನೊಂದು ಬಳೆ ಉಳಿದಿತ್ತು. ಇದನ್ನಾದರೂ ಬಿಗಿ ಮಾಡಬಹುದೇ ಎಂದು ಅಪ್ಪ ಕೇಳಿದ. ಮಾಡಲೇಬೇಕು ಎಂದೆ. ಅದನ್ನು ನಮ್ಮ ಮನೆಯ ನಲ್ಲಿಯಂತೆ ಬಿಗಿದ.

ಅಕ್ಕ ದೊಡ್ಡ ಬದುವಿನತ್ತ ಹೊರಟಾಗ ಅಪ್ಪ ಟವೆಲ್ಲಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ತೆಂಗಿನ ಮರಕ್ಕೆ ಆನಿಕೊಂಡಿದ್ದ. ಮುಂದಿನ ಚಕ್ರ ಏರಿತು, ಹಿಂದಿನವು ಏರಿದವು, ಗಾಡಿ ಆಚೆ ಇಳಿದು ಹೊರೆ ಇಳಿಸಿದ ಎತ್ತಿನಂತೆ ಮೆತ್ತಗೆ ಕೂತಿತು. ಒದೆಯಲಿಲ್ಲ. ಅಪ್ಪ ಟವೆಲ್ ಬಿಡದೆ, ಇನ್ನೊಂದು ಸಲ ಎಂದು ಕೈ ಮಾಡಿದ. ಅವಳು ತಿರುಗಿ ದಾಟಿದಳು. ಮತ್ತೊಂದು ಸಲ. ಪೆಟ್ರೋಲ್ ಮುಗಿಯುತ್ತದೆ ಎಂದು ಅಕ್ಕ ತಾನೇ ನಿಲ್ಲಿಸುವವರೆಗೂ ಅವನು ಕೈ ಮಾಡುತ್ತಲೇ ಇದ್ದ. ನನ್ನ ಎದೆಯಲ್ಲಿ ಶನಿವಾರದಿಂದ ಕೂತಿದ್ದ ಕಲ್ಲು ಯಾವ ಸುತ್ತಿನಲ್ಲಿ ಇಳಿಯಿತೋ ಗೊತ್ತಿಲ್ಲ, ಅದನ್ನು ಬರೆದುಕೊಳ್ಳಲು ಮರೆತೆ.

ಅಪ್ಪ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದ. "ಅಮಲ್ದಾರ್ರೇ, ನಾಳೆ ತರೀಕೆರೆಯಿಂದ ಲಕ್ಕವಳ್ಳಿಗೆ ಬಸ್ಸು ಎಷ್ಟೊತ್ತಿಗೈತೆ?"

ಹೇಳಿದೆ. ಅದು ಕೆಟ್ಟು ನಿಂತರೆ ಕಷ್ಟ, ಅದರ ಮುಂಚಿನದು ಯಾವುದು ಎಂದ. ಅದನ್ನೂ ಹೇಳಿದೆ. ಅಷ್ಟರಲ್ಲಿ ಅಮ್ಮ ನನ್ನ ಕೈಯಿಂದ ಗ್ರೀಸ್ ಹತ್ತಿದ ಟೇಪನ್ನು ಕಿತ್ತುಕೊಂಡು ಸೆರಗಿನಲ್ಲಿ ಒರೆಸಿ, ಹೆಲ್ಮೆಟ್ಟನ್ನೂ ತೆಗೆಯದೆ ನಿಂತಿದ್ದ ಅಕ್ಕನ ತೋಳಿಗೆ ಹಿಡಿದು ಅಳತೆ ತೆಗೆಯತೊಡಗಿದಳು.